ವಿದೇಶದಲ್ಲಿ ಕಾರು ಓಡಿಸಲು ಐಡಿಪಿ: ಮೊದಲು ನಿಮ್ಮ ಲೈಸೆನ್ಸ್ ತೆಗೆದು ನೋಡಿ

ಪ್ರಶ್ನೆ: ಸರ್, ಬರುವ ಅಕ್ಟೋಬರ್‌ನಲ್ಲಿ ನಾನು ಮತ್ತು ನನ್ನ ಹೆಂಡತಿ ಮ್ಯೂನಿಕ್‌ನಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇವೆ. ನಾಲ್ಕು ವಾರ ಇರುತ್ತೇವೆ. ಅಲ್ಲಿಂದ ಕಾರಿನಲ್ಲಿ ಆಸ್ಟ್ರಿಯಾ ದಾಟಿ ಇಟಲಿಗೆ ಹೋಗಿ ಬರುವ ಆಸೆ. ಮುಂದಿನ ಜನವರಿಯಲ್ಲಿ ಗೆಳೆಯರ ಜತೆ ವಿಯೆಟ್ನಾಂಗೆ ಹೋಗಿ ಬೈಕ್ ಓಡಿಸಬೇಕು ಅಂತಲೂ ಇದೆ. ನನ್ನ ವಯಸ್ಸು 46, ಲೈಸೆನ್ಸ್ ಶಿವಮೊಗ್ಗದ್ದು, ಫೆಬ್ರವರಿಗೆ ಅವಧಿ ಮುಗಿಯುತ್ತದೆ. ಲೈಸೆನ್ಸ್ ಇಂಗ್ಲಿಷ್‌ನಲ್ಲೇ ಇದೆ, ಐಡಿಪಿ ಏನೂ ಬೇಡ ಅನ್ನುತ್ತಾನೆ ತಮ್ಮ. ಏಜೆಂಟ್ ಒಬ್ಬರು ಏಳು ಸಾವಿರ ಕೇಳಿದರು. ಇಂಟರ್‌ನೆಟ್‌ನಲ್ಲಿ ಮೂರು ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್ ಎರಡೇ ಗಂಟೆಯಲ್ಲಿ ಕೊಡುತ್ತೇವೆ ಅಂತ ಜಾಹೀರಾತು ಬರುತ್ತಿದೆ. ಯಾವುದು ಸರಿ? ತಮ್ಮ ಅಲ್ಲಿಗೆ ಹೋಗಿ ಎಂಟು ತಿಂಗಳಾಯಿತು, ಅವನ ಐಡಿಪಿಯನ್ನು ಅಲ್ಲಿಂದಲೇ ನವೀಕರಿಸಬಹುದಾ? (ಓದುಗರು, ಶಿವಮೊಗ್ಗ)

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಜರ್ಮನಿ, ಆಸ್ಟ್ರಿಯಾ, ಇಟಲಿ ಪ್ರಯಾಣಕ್ಕೆ ಐಡಿಪಿ ಮಾಡಿಸಿಕೊಂಡೇ ಹೋಗಿ. ಅದನ್ನು ಆರ್‌ಟಿಒ ಕಚೇರಿಯಿಂದಲೇ ಪಡೆಯಿರಿ, ಬೇರೆ ಎಲ್ಲಿಂದಲೂ ಬೇಡ. ಆದರೆ ಅರ್ಜಿ ಹಾಕುವ ಮೊದಲು ಲೈಸೆನ್ಸ್ ನವೀಕರಿಸಿ. ವಿಯೆಟ್ನಾಂನಲ್ಲಿ ಬೈಕ್ ಓಡಿಸಲು ನಮ್ಮ ಐಡಿಪಿ ನಡೆಯುವುದಿಲ್ಲ. ಇನ್ನು ನಿಮ್ಮ ತಮ್ಮನ ವಿಷಯ ಇವೆಲ್ಲಕ್ಕಿಂತ ತುರ್ತಿನದು, ಅದನ್ನು ಕೊನೆಗೆ ವಿವರವಾಗಿ ಹೇಳುತ್ತೇನೆ.

ಐಡಿಪಿ ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಜನ ಇದನ್ನು ಇಂಟರ್‌ನ್ಯಾಷನಲ್ ಲೈಸೆನ್ಸ್ ಅಂತಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಇದು ಹೊಸ ಲೈಸೆನ್ಸ್ ಅಲ್ಲ. ನಿಮ್ಮ ಬಳಿ ಇರುವ ಲೈಸೆನ್ಸ್‌ನಲ್ಲಿ ಏನಿದೆ ಅನ್ನುವುದನ್ನು ಬೇರೆ ದೇಶದ ಪೊಲೀಸರಿಗೆ ಅರ್ಥವಾಗುವ ಹಾಗೆ ಹಲವು ಭಾಷೆಗಳಲ್ಲಿ ಹೇಳುವ ಸಣ್ಣ ಪುಸ್ತಕ. ಫೋಟೋ, ಸಹಿ, ಯಾವ ವರ್ಗದ ವಾಹನ ಓಡಿಸಬಹುದು ಅನ್ನುವುದಕ್ಕೆ ಮುದ್ರೆ, ಇಷ್ಟು ಅದರಲ್ಲಿರುತ್ತದೆ. ಅಸಲಿ ಲೈಸೆನ್ಸ್ ಜತೆಗಿಲ್ಲದಿದ್ದರೆ ಅದಕ್ಕೆ ಬೆಲೆಯೇ ಇಲ್ಲ. ಎರಡನ್ನೂ ಒಟ್ಟಿಗೆ ತೋರಿಸಬೇಕು.

ಈ ಪುಸ್ತಕದ ಹಿಂದೆ ಒಂದು ಒಪ್ಪಂದವಿದೆ. 1949ರಲ್ಲಿ ಜಿನೀವಾದಲ್ಲಿ ರಸ್ತೆ ಸಂಚಾರದ ಬಗ್ಗೆ ಹಲವು ದೇಶಗಳು ಒಪ್ಪಂದ ಮಾಡಿಕೊಂಡವು. ಭಾರತ ಅದರಲ್ಲಿದೆ. ನಮ್ಮ ಆರ್‌ಟಿಒ ಕೊಡುವ ಐಡಿಪಿ ಆ ಒಪ್ಪಂದದ ಮಾದರಿಯದ್ದು. ಮುಂದೆ 1968ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಒಪ್ಪಂದ ಆಯಿತು. ಭಾರತ ಅದಕ್ಕೆ ಸೇರಿಲ್ಲ. ಎಲ್ಲೋ ಯುರೋಪಿನಲ್ಲಿ ಆದ ಹಳೇ ಒಪ್ಪಂದ, ನನಗೇನು ಅನ್ನಿಸಬಹುದು. ಆದರೆ ನಿಮ್ಮ ವಿಯೆಟ್ನಾಂ ಪ್ರವಾಸ ಸಿಕ್ಕಿಹಾಕಿಕೊಂಡಿರುವುದು ಈ ಎರಡು ಇಸವಿಗಳ ನಡುವೆಯೇ.

ಮೊದಲು ನಿಮ್ಮ ಲೈಸೆನ್ಸ್ ನೋಡೋಣ. ಐಡಿಪಿ ಗರಿಷ್ಠ ಒಂದು ವರ್ಷ ನಡೆಯುತ್ತದೆ. ಆದರೆ ಅಸಲಿ ಲೈಸೆನ್ಸ್ ಅದಕ್ಕಿಂತ ಮೊದಲೇ ಮುಗಿದರೆ ಐಡಿಪಿಯೂ ಅಂದೇ ಮುಗಿಯಿತು. ನಿಮ್ಮದು ಫೆಬ್ರವರಿವರೆಗೆ ಇರುವುದರಿಂದ ಅಕ್ಟೋಬರ್ ಪ್ರಯಾಣಕ್ಕೆ ತೊಂದರೆ ಆಗಲಿಕ್ಕಿಲ್ಲ, ನಿಜ. ಆದರೂ ಪೂರಾ ಶುಲ್ಕ ಕಟ್ಟಿ ನಾಲ್ಕು ತಿಂಗಳ ಐಡಿಪಿ ತಗೊಳ್ಳುವುದು ಯಾಕೆ? ಲೈಸೆನ್ಸ್ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ನಿಮಗೆ 40 ದಾಟಿರುವುದರಿಂದ ವೈದ್ಯರಿಂದ ನಮೂನೆ 1ಎ ಪ್ರಮಾಣಪತ್ರ ಬೇಕಾಗುತ್ತದೆ. 30ರಿಂದ 50ರೊಳಗಿನವರಿಗೆ ಈಗ ಹತ್ತು ವರ್ಷಕ್ಕೆ ನವೀಕರಿಸಿ ಕೊಡುತ್ತಾರೆ. ಹೊಸ ಕಾರ್ಡ್ ಕೈಗೆ ಬಂದ ಮೇಲೆ ಐಡಿಪಿಗೆ ಹೋಗಿ. ಅರ್ಜಿ ಹಾಕಿ ನವೀಕರಣ ಅರ್ಧದಲ್ಲಿರುವಾಗಲೇ ಐಡಿಪಿಗೂ ಓಡಿದರೆ ಒಂದು ಅರ್ಜಿ ಇನ್ನೊಂದಕ್ಕೆ ಅಡ್ಡ ಬರುತ್ತದೆ.

ಆಮೇಲೆ ಹೆಸರು. ನಮ್ಮ ಕಡೆಯವರಿಗೆ ವಿದೇಶದಲ್ಲಿ ಜಾಸ್ತಿ ತಲೆನೋವು ಕೊಡುವುದು ಇದೇ ಅಂತ ನನ್ನ ಅನುಭವ. ಲೈಸೆನ್ಸ್‌ನಲ್ಲಿ ‘ರಮೇಶ್ ಎಚ್.ಎಸ್.’ ಅಂತಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ‘ರಮೇಶ್ ಹೊಸಳ್ಳಿ ಶಿವಣ್ಣ’ ಅಂತಿರುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ‘ಎಚ್ ಎಸ್ ರಮೇಶ್’. ನಮಗೆ ಮೂರೂ ಒಬ್ಬನೇ ಅಂತ ಕಣ್ಣಿಗೆ ಬಿದ್ದ ಕೂಡಲೇ ಗೊತ್ತಾಗುತ್ತದೆ. ಇನಿಷಿಯಲ್ ಪದ್ಧತಿಯೇ ಇಲ್ಲದ ದೇಶದಲ್ಲಿ, ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರ್‌ನಲ್ಲಿ ಕೂತ ಹುಡುಗಿಗೆ ಅವು ಮೂರು ಬೇರೆ ಬೇರೆ ಹೆಸರುಗಳು. ಐಡಿಪಿಯಲ್ಲಿ ಹೆಸರು ಬರುವುದು ಲೈಸೆನ್ಸ್ ದಾಖಲೆಯಿಂದ. ಹಾಗಾಗಿ ನವೀಕರಣದ ಹೊತ್ತಿನಲ್ಲೇ ಲೈಸೆನ್ಸ್‌ನ ಹೆಸರನ್ನು ಪಾಸ್‌ಪೋರ್ಟ್‌ನಂತೆ ತಿದ್ದಿಸಿಕೊಳ್ಳಿ. ಹೆಸರು ಬದಲಾವಣೆಗೆ ಸಾರಥಿ ಪೋರ್ಟಲ್‌ನಲ್ಲಿ (ಲೈಸೆನ್ಸ್ ಕೆಲಸಗಳ ಸರ್ಕಾರಿ ಜಾಲತಾಣ) ಬೇರೆಯೇ ಸೇವೆ ಇದೆ. ಹುಟ್ಟಿದ ದಿನಾಂಕ ಹೊಂದುತ್ತದಾ ಅಂತಲೂ ನೋಡಿ. ಶಾಲೆಯಲ್ಲಿ ಬರೆಸಿದ್ದು ಒಂದು, ಲೈಸೆನ್ಸ್‌ನಲ್ಲಿ ಇನ್ನೊಂದು ಇರುವವರು ಬೇಕಾದಷ್ಟು ಜನ ಇದ್ದಾರೆ.

ಲೈಸೆನ್ಸ್ ಹಳೆಯದಾದರೆ ಇನ್ನೊಂದು ತೊಡಕು ಬರಬಹುದು. ಪುಸ್ತಕದ ರೂಪದಲ್ಲೋ ಹಳೇ ಕಾಗದದಲ್ಲೋ ಕೊಟ್ಟ ಕೆಲವು ಲೈಸೆನ್ಸ್‌ಗಳ ವಿವರ ಸಾರಥಿಯಲ್ಲಿ ಇರುವುದೇ ಇಲ್ಲ. ಸಂಖ್ಯೆ ಹಾಕಿದರೆ ದಾಖಲೆ ಸಿಗುತ್ತಿಲ್ಲ ಅಂತ ಬರುತ್ತದೆ. ಗಾಬರಿ ಬೇಡ. ಈಗಿನ ಮಾದರಿಯಲ್ಲಿ ಕೆಎ ಆದ ಮೇಲೆ ಕಚೇರಿಯ ಎರಡಂಕಿ (ಶಿವಮೊಗ್ಗಕ್ಕೆ 14), ಆಮೇಲೆ ಕೊಟ್ಟ ವರ್ಷದ ನಾಲ್ಕಂಕಿ, ಕೊನೆಗೆ ಏಳಂಕಿ ಇರಬೇಕು. ಏಳಂಕಿ ಇಲ್ಲದಿದ್ದರೆ ಮುಂದೆ ಸೊನ್ನೆ ಸೇರಿಸಿ ಹಾಕಿ ನೋಡಿ. ಆಗಲೂ ಬರದಿದ್ದರೆ ಲೈಸೆನ್ಸ್ ಕೊಟ್ಟ ಕಚೇರಿಗೇ ಹೋಗಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ಲೈಸೆನ್ಸ್‌ನ ವಿವರವನ್ನು ಸಾರಥಿಗೆ ಸೇರಿಸುವ ಕೆಲಸ, ಮಾಡಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಟಿಕೆಟ್ ಆದ ಮೇಲೆ ಶುರು ಮಾಡುವ ಕೆಲಸ ಇದಲ್ಲ.

ಈಗ ಅರ್ಜಿ. ಸಾರಥಿ ಪರಿವಾಹನ್ ಪೋರ್ಟಲ್‌ನಲ್ಲಿ ಕರ್ನಾಟಕ ಆರಿಸಿ, ಡ್ರೈವಿಂಗ್ ಲೈಸೆನ್ಸ್ ಸೇವೆಗಳಿಗೆ ಹೋಗಿ, ಲೈಸೆನ್ಸ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಹಾಕಿ. ತೆರೆಯುವ ಪಟ್ಟಿಯಲ್ಲಿ ಐಡಿಪಿ ಆರಿಸಿದರೆ ನಮೂನೆ 4ಎ ಬರುತ್ತದೆ. ಯಾವ ದೇಶಗಳಿಗೆ ಹೋಗುತ್ತೀರಿ, ಎಷ್ಟು ದಿನ ಅಂತ ಅದರಲ್ಲಿ ಬರೆಯಬೇಕು. ಲೈಸೆನ್ಸ್, ಪಾಸ್‌ಪೋರ್ಟ್, ವಿಳಾಸದ ದಾಖಲೆ, ಫೋಟೋ ಏರಿಸಿ ಶುಲ್ಕ ಕಟ್ಟಿ. ನಿಯಮದ ಪ್ರಕಾರ ಶುಲ್ಕ 1,000 ರೂಪಾಯಿ, ಅದರ ಮೇಲೆ ಅಲ್ಪ ಸ್ವಲ್ಪ ಸೇವಾ ಶುಲ್ಕ ಸೇರಬಹುದು. ಏಜೆಂಟ್ ಏಳು ಸಾವಿರ ಕೇಳಿದರು ಅಂದಿರಲ್ಲ, ಆ ಉಳಿದ ದುಡ್ಡು ಯಾವ ಕೆಲಸಕ್ಕೆ ಅಂತ ನೀವೇ ಕೇಳಿ. ಇದಕ್ಕೆ ಹೊಸದಾಗಿ ಡ್ರೈವಿಂಗ್ ಟೆಸ್ಟ್ ಇಲ್ಲ, ಟ್ರ್ಯಾಕ್ ಇಲ್ಲ. ಇಂಟರ್‌ನೆಟ್‌ನಲ್ಲಿ ರೈಲು ಟಿಕೆಟ್ ಮಾಡಲು ಬರುವ ಯಾರಿಗಾದರೂ ಈ ಅರ್ಜಿ ತುಂಬಲು ಬರುತ್ತದೆ.

ವೀಸಾ ಬಂದ ಮೇಲೆಯೇ ಐಡಿಪಿ ಕೊಡುತ್ತಾರೆ ಅಂತ ಇನ್ನೂ ಹೇಳುವವರಿದ್ದಾರೆ. 2021ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆ ಷರತ್ತನ್ನು ತೆಗೆದುಹಾಕಿತು. ಐಡಿಪಿಗೆ ಅಂತ ಬೇರೆ ವೈದ್ಯಕೀಯ ಪ್ರಮಾಣಪತ್ರವೂ ಬೇಡ ಅಂತ ಅದೇ ಅಧಿಸೂಚನೆಯಲ್ಲಿ ಆಯಿತು. ಕಾರಣ ಸರಳ. ಕೆಲವು ದೇಶಗಳಲ್ಲಿ ಇಳಿದ ಮೇಲೆ ವೀಸಾ ಕೊಡುತ್ತಾರೆ. ಇನ್ನು ಕೆಲವರಿಗೆ ಹೊರಡುವ ಎರಡು ದಿನ ಮೊದಲು ಸಿಗುತ್ತದೆ. ಅಂಥವರು ವೀಸಾ ಎಲ್ಲಿಂದ ತಂದು ತೋರಿಸಬೇಕು, ಅಲ್ವಾ? ಆದರೂ ವೀಸಾ ಕೈಯಲ್ಲಿದ್ದರೆ ಪ್ರತಿ ಇಟ್ಟುಕೊಂಡು ಹೋಗಿ, ಟಿಕೆಟ್ ಪ್ರತಿಯೂ ಇರಲಿ. ಕೆಲವು ಕೌಂಟರ್‌ಗಳಲ್ಲಿ ಕೇಳುತ್ತಾರೆ. ತೋರಿಸಿದರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ.

ಅರ್ಜಿ ನಿಮ್ಮ ವಿಳಾಸದ ವ್ಯಾಪ್ತಿಯ ಆರ್‌ಟಿಒಗೆ ಹೋಗುತ್ತದೆ. ಲೈಸೆನ್ಸ್ ಶಿವಮೊಗ್ಗದ್ದು, ಮನೆಯೂ ಅಲ್ಲೇ ಅಂದಮೇಲೆ ನಿಮಗೆ ಚಿಂತೆಯಿಲ್ಲ. ಊರಿನ ಲೈಸೆನ್ಸ್ ಇಟ್ಟುಕೊಂಡು ಬೆಂಗಳೂರಿನಲ್ಲಿ ಕೆಲಸ ಮಾಡುವವರು ಮೊದಲು ವಿಳಾಸ ಬದಲಿಸಿಕೊಂಡರೆ ಇಲ್ಲಿಯ ಕಚೇರಿಯಲ್ಲೇ ಕೆಲಸ ಮುಗಿಯುತ್ತದೆ. ಎಲ್ಲ ದಾಖಲೆ ಸರಿಯಿದ್ದರೂ ಪ್ರಯಾಣಕ್ಕೆ ಒಂದು ತಿಂಗಳು ಇರುವಾಗ ಅರ್ಜಿ ಹಾಕಿ. ತೀರಾ ಮೊದಲೇ ಬೇಡ, ಯಾಕೆಂದರೆ ಒಂದು ವರ್ಷದ ಲೆಕ್ಕ ಕೊಟ್ಟ ದಿನದಿಂದಲೇ ಶುರುವಾಗುತ್ತದೆ, ನೀವು ವಿಮಾನ ಹತ್ತಿದ ದಿನದಿಂದ ಅಲ್ಲ.

ಪುಸ್ತಕ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲು ಪುಟ ತಿರುವಿ ನೋಡಿ. ಅದರಲ್ಲಿ ಎ, ಬಿ, ಸಿ, ಡಿ, ಇ ಅಂತ ಐದು ವರ್ಗಗಳಿವೆ. ಎ ಅಂದರೆ ಮೋಟಾರ್‌ಸೈಕಲ್. ಬಿ ಅಂದರೆ ಕಾರು: 3,500 ಕಿಲೋ ಮೀರದ, ಚಾಲಕರ ಸೀಟು ಬಿಟ್ಟು ಎಂಟಕ್ಕಿಂತ ಜಾಸ್ತಿ ಸೀಟಿಲ್ಲದ ವಾಹನ. ಸಿ ಲಾರಿ, ಡಿ ಬಸ್, ಇ ಹಿಂದೆ ಟ್ರೈಲರ್ ಕಟ್ಟಿದ್ದು. ನಿಮ್ಮ ಲೈಸೆನ್ಸ್‌ನಲ್ಲಿ ಎಲ್‌ಎಂವಿ (ಕಾರಿನಂಥ ಲಘು ವಾಹನ) ಇದ್ದರೆ ಬಿ ಎದುರು ಮುದ್ರೆ ಬೀಳಬೇಕು. ಗೇರ್ ಇರುವ ಬೈಕ್ ಕೂಡ ಇದ್ದರೆ ಎ ಎದುರೂ ಬೀಳಬೇಕು. ಮುದ್ರೆ ಬಿಟ್ಟುಹೋದ ವರ್ಗದ ವಾಹನಕ್ಕೆ ನಿಮ್ಮ ಹತ್ತಿರ ಪರವಾನಗಿ ಇಲ್ಲ ಅಂತಲೇ ಅರ್ಥ. ನಿಮ್ಮ ಮನೆಯವರ ಲೈಸೆನ್ಸ್ ಸ್ಕೂಟರ್‌ಗೆ ಮಾತ್ರ ಇದ್ದರೆ ಐಡಿಪಿ ಮಾಡಿಸಿದರೂ ಅವರು ಅಲ್ಲಿ ಕಾರು ಓಡಿಸುವ ಹಾಗಿಲ್ಲ. 2022ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಒಂದೇ ಮಾದರಿಯ ಐಡಿಪಿ ತಂದರು. ಅದರಲ್ಲಿ ಕ್ಯೂಆರ್ ಕೋಡ್ ಇದೆ, ಅದು ನಿಮ್ಮ ಲೈಸೆನ್ಸ್‌ಗೆ ಜೋಡಿಸಿರುತ್ತದೆ. ಫೋನಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ.

ಎರಡು ಗಂಟೆಯಲ್ಲಿ ಮೂರು ವರ್ಷದ ಲೈಸೆನ್ಸ್ ಅನ್ನುವ ಜಾಹೀರಾತನ್ನು ಈಗ ನೀವೇ ತೂಗಿ ನೋಡಬಹುದು. ಭಾರತದ ಲೈಸೆನ್ಸ್ ಇರುವವರಿಗೆ ಅದರ ಮೇಲೆ ಐಡಿಪಿ ಕೊಡುವುದು ಭಾರತದ ಅಧಿಕಾರಸ್ಥರು, ಅದೂ ಒಂದೇ ವರ್ಷಕ್ಕೆ. ಮೂರು ವರ್ಷ ಅಂದಕೂಡಲೇ ಅದು ನಕಲಿ ಅಂತ ತಿಳಿಯಿರಿ. ನೋಡಲು ಥೇಟ್ ಅಸಲಿ ಹಾಗೇ ಕಾರ್ಡ್ ಕಳಿಸುತ್ತಾರೆ. ಅದನ್ನು ಪೊಲೀಸರಿಗೆ ತೋರಿಸಿದರೆ ಪರ್ಮಿಟ್ ಇಲ್ಲದ ತಪ್ಪಿನ ಜತೆಗೆ ನಕಲಿ ದಾಖಲೆ ತೋರಿಸಿದ ತಪ್ಪೂ ತಲೆಗೆ ಬರಬಹುದು. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಗುರುತಿಲ್ಲದವರಿಗೆ ಕಳಿಸಿದ ಅಪಾಯ ಬೇರೆ.

ತಮ್ಮ ಹೇಳಿದ ಇಂಗ್ಲಿಷ್ ಮಾತಿಗೆ ಬರುತ್ತೇನೆ. ಬ್ರಿಟನ್‌ಗೆ ಹೋಗುವುದಿದ್ದರೆ ಅವರ ಮಾತು ಸರಿ. ಅಲ್ಲಿ ಪ್ರವಾಸಿಗರು ನಮ್ಮ ಲೈಸೆನ್ಸ್ ಮೇಲೆಯೇ 12 ತಿಂಗಳವರೆಗೆ ಕಾರು ಓಡಿಸಬಹುದು. ಜರ್ಮನಿಯ ನಿಯಮ ಬೇರೆ. ಯುರೋಪ್ ಒಕ್ಕೂಟದ ಆಚೆಯ ಲೈಸೆನ್ಸ್ ಜರ್ಮನ್ ಭಾಷೆಯಲ್ಲಿ ಇಲ್ಲದಿದ್ದರೆ ಅದರ ಅನುವಾದ ಇರಬೇಕು, ಇಲ್ಲವೇ ಐಡಿಪಿ ಇರಬೇಕು. ಇಂಗ್ಲಿಷ್‌ನಲ್ಲಿದೆ ಅನ್ನುವುದು ಅಲ್ಲಿ ವಿನಾಯಿತಿ ಅಲ್ಲ. ಇಟಲಿ ಇದರಲ್ಲಿ ಇನ್ನೂ ಬಿಗಿ. ನಿಲ್ಲಿಸಿದ ಪೊಲೀಸರು ಐಡಿಪಿ ಕೇಳುತ್ತಾರೆ, ಇಲ್ಲದಿದ್ದರೆ ಸ್ಥಳದಲ್ಲೇ ನೂರಾರು ಯೂರೋ ದಂಡ ಹಾಕುತ್ತಾರೆ. ಸಾವಿರ ರೂಪಾಯಿ ಉಳಿಸಲು ಹೋಗಿ ಅಲ್ಲಿ ಕಟ್ಟಬೇಡಿ.

ತಮ್ಮನ ಮನೆಯಿಂದ ಹೊರಡುವುದು ಯಾರ ಕಾರಿನಲ್ಲಿ ಅನ್ನುವುದನ್ನು ನೀವು ಬರೆದಿಲ್ಲ. ತಮ್ಮನದೇ ಕಾರಾದರೆ ಅದರ ಇನ್ಶೂರೆನ್ಸ್ ನೋಡಿಸಿ. ಜರ್ಮನಿಯಲ್ಲಿ ಕಾರನ್ನು ಯಾರ್ಯಾರು ಓಡಿಸುತ್ತಾರೆ ಅನ್ನುವುದರ ಮೇಲೆ ಕಂತು ನಿಗದಿಯಾಗುತ್ತದೆ. ಪಟ್ಟಿಯಲ್ಲಿಲ್ಲದವರು ಓಡಿಸಿ ಅಪಘಾತವಾದರೆ ಕಂಪನಿ ಮಾಲೀಕರಿಂದ ಹೆಚ್ಚಿನ ಹಣ ವಸೂಲಿ ಮಾಡುತ್ತದೆ. ನಾಲ್ಕು ವಾರಕ್ಕೆ ನಿಮ್ಮ ಹೆಸರು ಸೇರಿಸಲು ಅವರು ಒಂದು ಮೇಲ್ ಹಾಕಿದರೆ ಸಾಕು. ಬಾಡಿಗೆ ಕಾರಾದರೆ ಬುಕ್ ಮಾಡುವಾಗಲೇ ಆಸ್ಟ್ರಿಯಾ, ಇಟಲಿಗೆ ಒಯ್ಯುತ್ತೇವೆ ಅಂತ ಹೇಳಿ ಒಪ್ಪಿಗೆ ಪಡೆಯಿರಿ. ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಿನಲ್ಲೇ ಇರಬೇಕು, ಡೆಬಿಟ್ ಕಾರ್ಡನ್ನು ಹಲವು ಕಡೆ ಒಪ್ಪುವುದಿಲ್ಲ. ಸ್ಟೀರಿಂಗ್ ಎಡಗಡೆ, ಗೇರ್ ಬಲಗೈಗೆ ಬರುತ್ತದೆ. ಮೊದಲ ಸಲ ಓಡಿಸುವವರು ಸ್ವಲ್ಪ ಜಾಸ್ತಿ ಕೊಟ್ಟಾದರೂ ಆಟೊಮ್ಯಾಟಿಕ್ ತಗೊಳ್ಳಿ ಅಂತ ನನ್ನ ಸಲಹೆ.

ಒಂದು ಮಾತು ಮರೆಯಬೇಡಿ: ಪ್ಲಾಸ್ಟಿಕ್ ಕಾರ್ಡ್ ಜೇಬಿನಲ್ಲಿರಲಿ. ಇಲ್ಲಿ ಡಿಜಿಲಾಕರ್ ತೋರಿಸಿ ಅಭ್ಯಾಸವಾಗಿ ಕಾರ್ಡನ್ನು ಮನೆಯ ಬೀರುವಿನಲ್ಲೇ ಬಿಟ್ಟು ಹೋಗುವವರಿದ್ದಾರೆ. ಗಡಿಯಾಚೆ ಡಿಜಿಲಾಕರ್ ನಡೆಯುವುದಿಲ್ಲ.

ರಸ್ತೆಯ ಬಗ್ಗೆ ಮೂರು ಮಾತು ಹೇಳದೆ ಇರಲಾರೆ. ಜರ್ಮನಿಯ ಬಡಾವಣೆ ರಸ್ತೆಗಳಲ್ಲಿ ಫಲಕವಿಲ್ಲದ ಕೂಡು ಸಿಕ್ಕರೆ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಅವರು ಸೈಕಲ್‌ನಲ್ಲಿ ಬಂದರೂ ಅಷ್ಟೇ. ಹಾರ್ನ್ ಹೊಡೆದು ನುಗ್ಗುವ ನಮ್ಮ ಅಭ್ಯಾಸ ಅಲ್ಲಿ ಅಪಘಾತಕ್ಕೆ ದಾರಿ. ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತರೆ ಎಲ್ಲರೂ ಅಂಚಿಗೆ ಸರಿದು ನಡುವೆ ಆಂಬ್ಯುಲೆನ್ಸ್‌ಗೆ ದಾರಿ ಬಿಡಬೇಕು, ಸೈರನ್ ಕೇಳಿಸುವ ಮೊದಲೇ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಅನ್ನುವ ಶುಲ್ಕದ ಚೀಟಿ ಮೊದಲೇ ಕೊಂಡಿರಬೇಕು, ಬ್ರೆನ್ನರ್ ಕಣಿವೆಗೆ ಬೇರೆ ಟೋಲ್. ಇಟಲಿಯ ಹಳೇ ಪೇಟೆಗಳಲ್ಲಿ ಜಡ್‌ಟಿಎಲ್ ಅಂತ ಬರೆದ ಫಲಕ ಕಂಡರೆ ಒಳಗೆ ಹೋಗಲೇಬೇಡಿ. ಅದು ಅಲ್ಲಿಯ ನಿವಾಸಿಗಳ ವಾಹನಗಳಿಗೆ ಮೀಸಲು. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ನೀವು ಊರಿಗೆ ಬಂದು ಎಷ್ಟೋ ತಿಂಗಳಾದ ಮೇಲೆ ದಂಡದ ಕಾಗದ ಬರುತ್ತದೆ.

ಇನ್ನು ವಿಯೆಟ್ನಾಂ. ಆ ದೇಶ ಸೇರಿರುವುದು 1968ರ ಒಪ್ಪಂದಕ್ಕೆ ಮಾತ್ರ. ನಮ್ಮ ಐಡಿಪಿ 1949ರದ್ದು. ಹಾಗಾಗಿ ಎ ಎದುರು ಮುದ್ರೆ ಚೆನ್ನಾಗಿಯೇ ಬಿದ್ದಿದ್ದರೂ ಅಲ್ಲಿ ಅದು ಮಾನ್ಯವಲ್ಲ. ಬಾಡಿಗೆ ಅಂಗಡಿಯವರು ಏನೂ ಕೇಳದೆ ಬೈಕ್ ಕೊಟ್ಟುಬಿಡುತ್ತಾರೆ. ಗೆಳೆಯರು ನಾವೆಲ್ಲ ಓಡಿಸಿದ್ದೇವೆ, ಏನೂ ಆಗಲಿಲ್ಲ ಅಂತಾರೆ. ಬೈಕ್ ಸಿಗುವುದಿಲ್ಲ ಅಂತ ನಾನೂ ಹೇಳುತ್ತಿಲ್ಲ. ಪೊಲೀಸರ ದಂಡವೂ ಕಟ್ಟಿ ಮುಗಿಸುವಂಥದ್ದು. ನನಗೆ ಭಯ ಇರುವುದು ಟ್ರಾವೆಲ್ ಇನ್ಶೂರೆನ್ಸ್ ಬಗ್ಗೆ. ಕಾನೂನುಬದ್ಧ ಲೈಸೆನ್ಸ್ ಇಲ್ಲದೆ ಓಡಿಸುವಾಗ ಬಿದ್ದರೆ ಆಸ್ಪತ್ರೆ ಖರ್ಚು ಕೊಡುವುದಿಲ್ಲ ಅಂತ ಪಾಲಿಸಿಗಳಲ್ಲಿ ಸ್ಪಷ್ಟವಾಗಿ ಇರುತ್ತದೆ. ಹಾ ಜಿಯಾಂಗ್‌ನ ಬೆಟ್ಟದ ತಿರುವುಗಳಲ್ಲಿ ಕಾಲು ಮುರಿದುಕೊಂಡು, ಅಲ್ಲಿಂದ ಹನೋಯ್ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಬರುವ ಅಷ್ಟೂ ಖರ್ಚು ಕೈಯಿಂದಲೇ ಆದರೆ ಮನೆಯವರ ಗತಿ ಯೋಚಿಸಿ. ಅಲ್ಲಿ ಸ್ಥಳೀಯ ಸವಾರರ ಹಿಂದೆ ಕೂತು ಅದೇ ದಾರಿ ಸುತ್ತುವ ವ್ಯವಸ್ಥೆ ಚೆನ್ನಾಗಿದೆ, ಬೆಟ್ಟಗಳನ್ನು ನೋಡಲು ಕಣ್ಣಿಗೂ ಬಿಡುವು ಸಿಗುತ್ತದೆ. ನೀವೇ ಓಡಿಸಬೇಕು ಅನ್ನುವ ಹಟ ಇದ್ದರೆ ಥಾಯ್ಲೆಂಡ್‌ಗೆ ಹೋಗಿ. ಅಲ್ಲಿ ನಮ್ಮ ಐಡಿಪಿಗೆ ಮಾನ್ಯತೆ ಇದೆ, ಎ ಮುದ್ರೆ ಮಾತ್ರ ಇರಲೇಬೇಕು.

ಇದೇ ಪ್ರಶ್ನೆ ಬೇರೆ ದೇಶಗಳ ಬಗ್ಗೆಯೂ ಬರುತ್ತಿರುವುದರಿಂದ ಬೇಗ ಹೇಳಿಬಿಡುತ್ತೇನೆ. ಜಪಾನ್ 1949ರ ಮಾದರಿಯ ಐಡಿಪಿಯನ್ನೇ ಒಪ್ಪುತ್ತದೆ, ನಮ್ಮದು ನಡೆಯುತ್ತದೆ. ಚೀನಾ ಯಾವ ಐಡಿಪಿಯನ್ನೂ ಒಪ್ಪುವುದಿಲ್ಲ. ಶ್ರೀಲಂಕಾದಲ್ಲಿ ಐಡಿಪಿ ಜತೆ ಅಲ್ಲಿಯ ಒಪ್ಪಿಗೆಯನ್ನೂ ಪಡೆಯಬೇಕು. ನೇಪಾಳ, ಭೂತಾನ್‌ಗೆ ನಮ್ಮ ಲೈಸೆನ್ಸ್ ಸಾಕು, ವಾಹನಕ್ಕೆ ಮಾತ್ರ ಗಡಿಯಲ್ಲಿ ಪರ್ಮಿಟ್ ಮಾಡಿಸಬೇಕು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸಿಗರಿಗೆ ನಮ್ಮ ಲೈಸೆನ್ಸ್ ನಡೆಯುತ್ತದೆ, ಅಲ್ಲೇ ನೆಲೆಸಿದವರು 10 ದಿನದೊಳಗೆ ಅಲ್ಲಿಯ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. ಮಂಗಳೂರು, ಉಡುಪಿ ಕಡೆಯಿಂದ ದುಬೈಗೆ ಮಕ್ಕಳನ್ನು ನೋಡಲು ಹೋಗುವವರು ವಿಸಿಟ್ ವೀಸಾದಲ್ಲಿ ಇರುವಷ್ಟು ದಿನ ಐಡಿಪಿ ಇಟ್ಟುಕೊಂಡು ಬಾಡಿಗೆ ಕಾರು ಓಡಿಸಬಹುದು. ರೆಸಿಡೆನ್ಸ್ ವೀಸಾ ಆದ ದಿನದಿಂದ ಅದು ನಡೆಯುವುದಿಲ್ಲ.

ನೆಲೆಸಿದವರ ಮಾತು ಬಂದಾಗ ನಿಮ್ಮ ತಮ್ಮನ ವಿಷಯ. ವಿದೇಶದಲ್ಲಿ ಇರುವಾಗ ಐಡಿಪಿ ಮುಗಿದರೆ ಭಾರತೀಯ ರಾಯಭಾರ ಕಚೇರಿಯ ಮೂಲಕ ನವೀಕರಣಕ್ಕೆ ಅರ್ಜಿ ಹಾಕಬಹುದು ಅನ್ನುವುದು ನಿಜ. 2021ರ ಅಧಿಸೂಚನೆಯಲ್ಲೇ ಆ ದಾರಿ ಮಾಡಿದ್ದಾರೆ. ಅರ್ಜಿ ಇಲ್ಲಿಯ ಆರ್‌ಟಿಒಗೆ ಬರುತ್ತದೆ, ಐಡಿಪಿ ಕೊರಿಯರ್‌ನಲ್ಲಿ ಅಲ್ಲಿಗೆ ಹೋಗುತ್ತದೆ. ಆದರೆ ಅದರಿಂದ ಅವರಿಗೆ ಪ್ರಯೋಜನವಿಲ್ಲ. ಜರ್ಮನಿಯಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳವರೆಗೆ ಮಾತ್ರ ಭಾರತದ ಲೈಸೆನ್ಸ್ ಮೇಲೆ ಓಡಿಸಬಹುದು. ಒಟ್ಟು ವಾಸ ಒಂದು ವರ್ಷಕ್ಕಿಂತ ಕಡಿಮೆ ಅಂತ ದಾಖಲೆ ತೋರಿಸಿದವರಿಗೆ ಮಾತ್ರ ಅರ್ಜಿಯ ಮೇಲೆ ವಿಸ್ತರಣೆ ಇದೆ. ಅವರು ಹೋಗಿ ಎಂಟು ತಿಂಗಳಾಯಿತು ಅಂತೀರಿ. ಹಾಗಿದ್ದರೆ ಕೈಯಲ್ಲಿ ಅವಧಿ ಇರುವ ಐಡಿಪಿ ಇದ್ದರೂ, ಅವರು ಇವತ್ತು ಸ್ಟೀರಿಂಗ್ ಹಿಡಿದರೆ ಅಲ್ಲಿಯ ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ. ಜರ್ಮನಿಯಲ್ಲಿ ಅದು ಕ್ರಿಮಿನಲ್ ಅಪರಾಧ. ಪ್ರವಾಸಿಯಾಗಿ ಹೋಗುವ ನೀವು ಓಡಿಸಬಹುದು, ಅಲ್ಲೇ ಇರುವ ಅವರು ಓಡಿಸುವ ಹಾಗಿಲ್ಲ.

ಇವತ್ತೇ ಫೋನ್ ಮಾಡಿ ಕಾರಿನ ಕೀಲಿ ಬದಿಗಿಡಲು ಹೇಳಿ. ಅವರು ಜರ್ಮನ್ ಲೈಸೆನ್ಸ್ ಮಾಡಿಸಬೇಕು. ಭಾರತದ ಲೈಸೆನ್ಸನ್ನು ಹಾಗೇ ಬದಲಿಸಿಕೊಡುವ ವ್ಯವಸ್ಥೆ ಅಲ್ಲಿಲ್ಲ, ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಕಣ್ಣಿನ ತಪಾಸಣೆ, ಪ್ರಥಮ ಚಿಕಿತ್ಸೆಯ ಕೋರ್ಸ್ ಕೂಡ ಇದೆ. ಲಿಖಿತ ಪರೀಕ್ಷೆ ಇಂಗ್ಲಿಷ್‌ನಲ್ಲಿ ಬರೆಯಬಹುದು. ಈಗಾಗಲೇ ಲೈಸೆನ್ಸ್ ಇರುವುದರಿಂದ ಹೊಸಬರಿಗೆ ಇರುವಷ್ಟು ಕಡ್ಡಾಯ ತರಗತಿಗಳು ಅವರಿಗಿಲ್ಲ. ಆದರೆ ರಸ್ತೆ ಪರೀಕ್ಷೆಗೆ ಡ್ರೈವಿಂಗ್ ಶಾಲೆಯ ಮೂಲಕವೇ ಹೋಗಬೇಕು. ಮೊದಲ ಹೆಜ್ಜೆ ಅವರ ವಾಸದ ಊರಿನ ಲೈಸೆನ್ಸ್ ಕಚೇರಿಯಲ್ಲಿ ಅರ್ಜಿ ಹಾಕುವುದು. ನೀವು ಅಕ್ಟೋಬರ್‌ನಲ್ಲಿ ಹೋಗುವ ಹೊತ್ತಿಗೆ ಅವರಿಗೆ ಲೈಸೆನ್ಸ್ ಬಂದಿರದಿದ್ದರೆ, ಮ್ಯೂನಿಕ್‌ನಿಂದ ಇಟಲಿಗೆ ಹೋಗಿ ಬರುವಷ್ಟೂ ದಾರಿ ನೀವೊಬ್ಬರೇ ಓಡಿಸಬೇಕಾಗುತ್ತದೆ. ದಿನಕ್ಕೆ ಎಷ್ಟು ದೂರ ಅನ್ನುವುದನ್ನು ಆ ಲೆಕ್ಕದಲ್ಲೇ ಹಾಕಿಕೊಳ್ಳಿ.